ಪರದೇಶದ ಟ್ಯೂಷನ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ: ಆಫರ್ ಅಸಲಿಯೇ ಎಂದು ನೋಡುವ ಬಗೆ

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಇನ್ನೊಂದು ಕಡೆ ಪಾಠಕ್ಕೆ ಕಳಿಸುವುದು ಪೂರ್ವ ಏಷ್ಯಾದಲ್ಲಿ ದೊಡ್ಡ ವ್ಯಾಪಾರ. ಕೊರಿಯಾದಲ್ಲಿ ಅಂಥ ಜಾಗಕ್ಕೆ ಹಗ್ವನ್ ಎನ್ನುತ್ತಾರೆ, ಜಪಾನಿನಲ್ಲಿ ಜುಕು. ಬರೀ ಇಂಗ್ಲಿಷ್ ಮಾತುಕತೆ ಕಲಿಸುವ ಜಪಾನಿ ಸೆಂಟರಿಗೆ ಏಕೈವಾ ಎಂದು ಹೆಸರು. ಚೀನಾ, ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಟ್ರೇನಿಂಗ್ ಸೆಂಟರ್, ಲ್ಯಾಂಗ್ವೇಜ್ ಸೆಂಟರ್ ಎಂಬ ಬೋರ್ಡು. ಇವಕ್ಕೆಲ್ಲ ಟೀಚರ್ ಬೇಕೆಂಬ ಜಾಹೀರಾತುಗಳು ವಾಟ್ಸಾಪ್, ಟೆಲಿಗ್ರಾಂ ಗುಂಪುಗಳ ಮೂಲಕ ನಮ್ಮ ಬಿ.ಎಡ್., ಎಂ.ಎ. ಮಾಡಿದವರ ಫೋನಿಗೂ ಬಂದು ಬೀಳುತ್ತವೆ.

ಜಾಹೀರಾತು ಕಂಡವರು ಮೊದಲು ಸಂಬಳ ನೋಡುತ್ತಾರೆ, ಆಮೇಲೆ ಕಂಪನಿಯ ಹೆಸರು, ವೀಸಾ ವಿಚಾರ ಕಟ್ಟಕಡೆಗೆ. 'ವೀಸಾ ನಾವು ನೋಡ್ಕೋತೀವಿ ಬಿಡಿ' ಎಂದು ಆ ಕಡೆಯವರು ಹೇಳಿಬಿಟ್ಟರಂತೂ ಅದೂ ಇಲ್ಲ. ಇದನ್ನು ತಿರುವುಮುರುವು ಮಾಡಬೇಕು. ಆ ದೇಶದ ಕಾನೂನು ಆ ಕೆಲಸಕ್ಕೆ ಭಾರತದ ಪಾಸ್‌ಪೋರ್ಟ್ ಇರುವವರನ್ನು ತೆಗೆದುಕೊಳ್ಳಲು ಬಿಡುತ್ತದೆಯೇ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಅರ್ಧ ಗಂಟೆ ಸಾಕು, ದುಡ್ಡು ಖರ್ಚಿಲ್ಲ, ಬರುವ ಜಾಹೀರಾತುಗಳಲ್ಲಿ ಬಹುಪಾಲು ಇಲ್ಲೇ ಉದುರಿಹೋಗುತ್ತವೆ. ಉಳಿದವನ್ನು ಮಾತ್ರ ಮುಂದೆ ಸೋಸಿದರಾಯಿತು.

ಯಾವ ದೇಶದ ಬಾಗಿಲು ತೆರೆದಿದೆ

ಕೊರಿಯಾದಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿನ ನಿಯಮ ಎಲ್ಲಕ್ಕಿಂತ ನೇರ. ಹಗ್ವನ್‌ನಲ್ಲಿ ಇಂಗ್ಲಿಷ್ ಕಲಿಸಲು ಕೊಡುವುದು ಇ-2 ವೀಸಾ. ಅದು ಏಳು ದೇಶಗಳ ಪಾಸ್‌ಪೋರ್ಟಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ನೀವು ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಿ, ಪಟ್ಟಿಯಲ್ಲಿ ಭಾರತ ಇಲ್ಲ. 2010ರ ಜನವರಿಯಿಂದ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಭಾರತೀಯ ಇಂಗ್ಲಿಷ್ ಶಿಕ್ಷಕರಿಗೆ ಒಂದು ಕಿಂಡಿ ಇದೆ ನಿಜ. ಆದರೆ ಅದು ಇಂಗ್ಲಿಷ್ ಪದವಿಯ ಜೊತೆಗೆ ಶಿಕ್ಷಕ ಅರ್ಹತೆಯೂ ಇರುವವರು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವುದಕ್ಕೆ, ಹಗ್ವನ್‌ಗಳಿಗಲ್ಲ. ಕೊರಿಯಾದವರನ್ನು ಮದುವೆಯಾಗಿ ಅಥವಾ ಕಾಯಂ ವಾಸದ ಹಕ್ಕು ಪಡೆದು ಅಲ್ಲಿರುವವರ ಮಾತು ಬೇರೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತವರಿಗೆ 'ಸೋಲ್ ನಗರದ ಹಗ್ವನ್‌ನಲ್ಲಿ ಕೆಲಸ, ಇ-2 ವೀಸಾ ಗ್ಯಾರಂಟಿ' ಎಂದರೆ ಹೇಳುವವನಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ಚೀನಾದ ಬಾಗಿಲು ಮುಕ್ಕಾಲು ಮುಚ್ಚಿದೆ. ಕೆಲಸಕ್ಕೆ ಝಡ್ ವೀಸಾ ಬೇಕು. ಇಂಗ್ಲಿಷ್ ಶಿಕ್ಷಕರು ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯ ದೇಶದ ಪ್ರಜೆಯಾಗಿರಬೇಕು, ಪದವಿ ಜೊತೆಗೆ ಎರಡು ವರ್ಷದ ಅನುಭವ ಅಥವಾ ಬೋಧನಾ ಸರ್ಟಿಫಿಕೇಟ್ ಇರಬೇಕು. ಇದರ ಮೇಲೆ 2021ರ ಜುಲೈಯಲ್ಲಿ ಸರ್ಕಾರ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ನನ್ನೇ ಹಿಡಿದು ಬಿಗಿ ಮಾಡಿತು. ವಾರಾಂತ್ಯ, ರಜೆಗಳಲ್ಲಿ ಪಾಠ ಬೇಡ, ಲಾಭದ ಕಂಪನಿಗಳು ಬೇಡ, ಚೀನಾದಾಚೆ ಕೂತ ವಿದೇಶಿ ಶಿಕ್ಷಕರಿಂದ ಮಕ್ಕಳಿಗೆ ಆನ್‌ಲೈನ್ ಪಾಠವೂ ಬೇಡ ಎಂದಿತು. ಎಷ್ಟೋ ಸೆಂಟರುಗಳು ಆ ವರ್ಷವೇ ಬಾಗಿಲು ಹಾಕಿದವು. ಹಾಗಾಗಿ 'ಬಿಸಿನೆಸ್ ವೀಸಾದಲ್ಲಿ ಬನ್ನಿ, ಅಲ್ಲಿ ಬಂದ ಮೇಲೆ ಬದಲಾಯಿಸೋಣ' ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಕಾನೂನಿನ ದಾರಿಯಲ್ಲಿ ಕೆಲಸದ ಅನುಮತಿಯ ಸೂಚನಾ ಪತ್ರ ಮೊದಲು ಬರುತ್ತದೆ, ಝಡ್ ವೀಸಾ ಆಮೇಲೆ, ವಿಮಾನ ಅದರಾಚೆ.

ಜಪಾನಿನ ಬಾಗಿಲು ಮಾತ್ರ ನಿಜಕ್ಕೂ ತೆರೆದಿದೆ. ಜುಕು, ಏಕೈವಾಗಳಲ್ಲಿ ಕಲಿಸಲು ಬೇಕಾದ ವಾಸದ ದರ್ಜೆಯ, ಅಂದರೆ ವೀಸಾ ಬಗೆಯ, ಉದ್ದದ ಹೆಸರು 'ಎಂಜಿನಿಯರ್, ಸ್ಪೆಷಲಿಸ್ಟ್ ಇನ್ ಹ್ಯುಮ್ಯಾನಿಟೀಸ್, ಇಂಟರ್‌ನ್ಯಾಷನಲ್ ಸರ್ವಿಸಸ್'. ಇಲ್ಲಿ ಕೊರಿಯಾದಂತೆ ದೇಶಗಳ ಪಟ್ಟಿ ಇಲ್ಲ. ಪದವಿ ಇದ್ದವರಿಗೆ ಭಾಷೆ ಕಲಿಸುವ ಕೆಲಸಕ್ಕೆ ಮೂರು ವರ್ಷದ ಅನುಭವದ ಷರತ್ತೂ ಇಲ್ಲ. ಆದರೆ ಶಾಲೆಗಳಲ್ಲಿ ಕಲಿಸುವ 'ಇನ್‌ಸ್ಟ್ರಕ್ಟರ್' ದರ್ಜೆ ಬೇರೆಯದು. ಅದಕ್ಕೆ ಇಂಗ್ಲಿಷ್ ಮಾಧ್ಯಮದಲ್ಲೇ 12 ವರ್ಷ ಓದಿರಬೇಕು. ಆಫರ್ ಜುಕುವಿನದ್ದಾಗಿದ್ದು ವೀಸಾ ಇನ್‌ಸ್ಟ್ರಕ್ಟರ್ ಎಂದು ಬರೆದಿದ್ದರೆ, ಅಥವಾ ತಿರುಗಾಮುರುಗಾ ಆಗಿದ್ದರೆ, ಬರೆದವರಿಗೆ ಕೆಲಸ ಗೊತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಬೇಕು.

ಜಪಾನಿನದ್ದೇ ಇನ್ನೊಂದು ಅಡ್ಡದಾರಿ: 'ಮೊದಲು ಸ್ಟೂಡೆಂಟ್ ವೀಸಾದಲ್ಲಿ ಜಪಾನಿ ಭಾಷೆ ಕಲಿಯಲು ಬನ್ನಿ, ಸಂಜೆ ಪಾಠ ಮಾಡಿ ಸಂಪಾದಿಸಿ.' ವಿದ್ಯಾರ್ಥಿಗೆ ಅನುಮತಿ ಪಡೆದ ಮೇಲೂ ವಾರಕ್ಕೆ 28 ಗಂಟೆ ಮಾತ್ರ ಕೆಲಸ. ಭಾಷಾ ಶಾಲೆಯ ಫೀಸು, ಬಾಡಿಗೆ, ಊಟ ಎಲ್ಲವನ್ನೂ ಆ ಗಂಟೆಗಳಲ್ಲಿ ಎತ್ತಲು ಹೋದವರು ಮಿತಿ ಮೀರುತ್ತಾರೆ, ಮೀರಿದವರಿಗೆ ವೀಸಾ ಮುಂದುವರಿಯುವುದಿಲ್ಲ. ಇದನ್ನು ಕೆಲಸ ಎಂದು ಮಾರುವವರು ನಿಜದಲ್ಲಿ ಮಾರುತ್ತಿರುವುದು ಭಾಷಾ ಶಾಲೆಯ ಸೀಟು.

ವಿಯೆಟ್ನಾಂನಲ್ಲಿ ಬಾಗಿಲು ಇದೆ, ಆದರೆ ಪಕ್ಕದ ಬೇಲಿ ಹಾರಿಸುವವರೇ ಜಾಸ್ತಿ. ವರ್ಕ್ ಪರ್ಮಿಟ್‌ಗೆ ಪದವಿ, ಬೋಧನಾ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ತಪಾಸಣೆ ಬೇಕು. ಪದವಿಗೆ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಅದರ ಮೇಲೆ ಅವರ ರಾಯಭಾರ ಕಚೇರಿಯ ಮುದ್ರೆ ಬೀಳಬೇಕು. ಇಷ್ಟೆಲ್ಲ ಯಾಕೆ ಎಂದು ಕೆಲವು ಸೆಂಟರುಗಳು 90 ದಿನದ ಇ-ವೀಸಾದಲ್ಲಿ ಕರೆಸಿಕೊಂಡು, ಮುಗಿದಾಗ ಗಡಿ ದಾಟಿಸಿ ಮತ್ತೆ ಒಳಗೆ ತರುತ್ತವೆ. ಸಿಕ್ಕಿಬಿದ್ದರೆ ದಂಡ, ಗಡೀಪಾರು ನಿಮಗೆ. ಸಂಬಳ ಕೊಡದಿದ್ದರೆ ದೂರು ಕೊಡಲು ಹೋದ ನೀವೇ ಕಾನೂನು ಮುರಿದವರು. ಸೆಂಟರಿನವರಿಗೆ ಈ ಲೆಕ್ಕ ಗೊತ್ತಿದೆ.

ಥಾಯ್ಲೆಂಡಿಗೆ ನಾನ್-ಇಮಿಗ್ರೆಂಟ್ ಬಿ ವೀಸಾ ಮತ್ತು ವರ್ಕ್ ಪರ್ಮಿಟ್ ಎರಡೂ ಬೇಕು. 2024ರ ಜುಲೈಯಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರುವ ಅವಕಾಶ ಕೊಟ್ಟದ್ದು ಪ್ರವಾಸಕ್ಕೆ. 'ವೀಸಾ ಬೇಡವೇ ಬೇಡ, ಟಿಕೆಟ್ ನಾವೇ ಕಳಿಸ್ತೀವಿ' ಎಂಬ ಥಾಯ್ ಆಫರ್ ಯಾಕೆ ಎಲ್ಲಕ್ಕಿಂತ ಅಪಾಯದ್ದು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇವೆ.

ಸೆಂಟರ್ ನಿಜವಾಗಿ ಇದೆಯೇ

ವೆಬ್‌ಸೈಟ್ ನೋಡಿ ನಂಬಬೇಡಿ, ನಂಬರ್ ಕೇಳಿ. ಜಪಾನಿನ ಪ್ರತಿ ಕಂಪನಿಗೂ 13 ಅಂಕಿಯ ಕಾರ್ಪೊರೇಟ್ ನಂಬರ್ ಇರುತ್ತದೆ. ಜಪಾನಿನ ರಾಷ್ಟ್ರೀಯ ತೆರಿಗೆ ಸಂಸ್ಥೆಯ ಸೈಟಿನಲ್ಲಿ ಅದನ್ನು ಹಾಕಿದರೆ ನೋಂದಾಯಿತ ಹೆಸರು, ವಿಳಾಸ ಬರುತ್ತದೆ, ದುಡ್ಡಿಲ್ಲ. ಕೊರಿಯಾದಲ್ಲಿ 10 ಅಂಕಿಯ ಬಿಸಿನೆಸ್ ನಂಬರ್, ಚೀನಾದಲ್ಲಿ 18 ಅಕ್ಷರ-ಅಂಕಿಗಳ ಕೋಡ್, ವಿಯೆಟ್ನಾಂನಲ್ಲಿ ತೆರಿಗೆ ಕೋಡ್. ಚೀನಾದ ದಾಖಲೆಯಲ್ಲಿ ಕಂಪನಿ ಯಾವ ವ್ಯವಹಾರಕ್ಕೆ ನೋಂದಣಿಯಾಗಿದೆ ಎಂಬುದೂ ಬರೆದಿರುತ್ತದೆ. 'ಸಂಸ್ಕೃತಿ ಸಲಹೆ' ಎಂದೋ 'ತಂತ್ರಜ್ಞಾನ' ಎಂದೋ ಇದ್ದು ಪಾಠದ ಸುದ್ದಿಯೇ ಇಲ್ಲದಿದ್ದರೆ ಆ ಕಂಪನಿ ನಿಮಗೆ ಶಿಕ್ಷಕ ಎಂದು ಪರ್ಮಿಟ್ ತೆಗೆಸುವುದು ಹೇಗೆ ಎಂದು ಕೇಳಿ. ನಂಬರ್ ಕೇಳಿದ್ದಕ್ಕೆ ಮುನಿಸಿಕೊಳ್ಳುವ ಕಂಪನಿ ಒಳ್ಳೆಯ ಸುಳಿವೇ ಕೊಟ್ಟಂತಾಯಿತು. ನಿಜವಾದ ಕಂಪನಿಗೆ ಅದು ಲೆಟರ್‌ಹೆಡ್‌ನಲ್ಲೇ ಇರುವ ವಿಷಯ.

ಆಮೇಲೆ ಫೋನ್. ಏಜೆಂಟ್ ಕೊಟ್ಟ ಮೊಬೈಲಿಗಲ್ಲ, ಮ್ಯಾಪ್‌ನಲ್ಲಿ ಆ ಸೆಂಟರಿನ ಹೆಸರಿಗೆ ಇರುವ ಲ್ಯಾಂಡ್‌ಲೈನಿಗೆ. ಜಪಾನ್, ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ. ಮಕ್ಕಳ ಸೆಂಟರ್ ತುಂಬಿರುವುದು ಅಲ್ಲಿನ ಸಂಜೆ 4ರಿಂದ 9ರವರೆಗೆ, ಅಂದರೆ ನಮ್ಮ ಮಧ್ಯಾಹ್ನ 12.30ರಿಂದ 5.30. ಆ ಹೊತ್ತಿಗೆ ಯಾರಾದರೂ ಎತ್ತಲೇಬೇಕು, ಹಿಂದೆ ಮಕ್ಕಳ ಗದ್ದಲ ಕೇಳಿಸಿದರೆ ಇನ್ನೂ ಒಳ್ಳೆಯದು. ವಾರದಲ್ಲಿ ಬೇರೆ ಬೇರೆ ದಿನ ಮೂರು ಸಲ ಮಾಡಿಯೂ ಎತ್ತದಿದ್ದರೆ ಅಲ್ಲಿ ಸೆಂಟರ್ ಇಲ್ಲ, ಇದ್ದರೂ ಮುಚ್ಚಿದೆ.

ವೇಳಾಪಟ್ಟಿ ಸುಳ್ಳನ್ನು ಬಹಳ ಬೇಗ ಹಿಡಿದುಕೊಡುತ್ತದೆ. ಶಾಲೆ ಬಿಟ್ಟ ಮೇಲಿನ ಪಾಠ ಎಂದರೆ ಮೇಷ್ಟ್ರ ದಿನ ಮಧ್ಯಾಹ್ನ ಒಂದೋ ಎರಡೋ ಗಂಟೆಗೆ ಶುರುವಾಗಿ ರಾತ್ರಿ ಒಂಬತ್ತು-ಹತ್ತಕ್ಕೆ ಮುಗಿಯುತ್ತದೆ. ಶನಿವಾರ ಹೆಚ್ಚಾಗಿ ಕೆಲಸ, ರಜೆ ಭಾನುವಾರ-ಸೋಮವಾರ ಬೀಳುವುದು ಸಾಮಾನ್ಯ. ಸೋಲ್‌ನಲ್ಲಂತೂ ಹಗ್ವನ್‌ಗಳು ರಾತ್ರಿ 10ಕ್ಕೆ ಪಾಠ ನಿಲ್ಲಿಸಬೇಕು ಎಂದು ನಿಯಮವೇ ಇದೆ. ಜಾಹೀರಾತಿನಲ್ಲಿ 'ಮಕ್ಕಳಿಗೆ ಸಂಜೆ ಪಾಠ' ಎಂದು ಹೇಳಿ ಕೆಳಗೆ 'ಸೋಮವಾರದಿಂದ ಶುಕ್ರವಾರ, 9ರಿಂದ 6' ಎಂದಿದ್ದರೆ ಬೇರೆ ಆಫೀಸ್ ಕೆಲಸದ ಜಾಹೀರಾತನ್ನು ಯಾರೋ ನಕಲು ಮಾಡಿ ಹೆಸರು ಬದಲಿಸಿದ್ದಾರೆ, ಇಲ್ಲವೇ ಕೆಲಸ ಪಾಠದ್ದಲ್ಲ.

ಸಂದರ್ಶನದಲ್ಲಿ ನೀವು ಪಾಠ ಮಾಡಿ ತೋರಿಸಿ ಎಂದು ಕೇಳದೆ 20 ನಿಮಿಷದ ಚಾಟ್‌ನಲ್ಲೇ ಆಫರ್ ಕೊಟ್ಟರೆ ಅನುಮಾನಿಸಿ. ಮಕ್ಕಳ ತಾಯಂದಿರಿಗೆ ಉತ್ತರ ಹೇಳಬೇಕಾದ ಸೆಂಟರ್, ಆರು ವರ್ಷದ ಮಗುವಿಗೆ ಬಣ್ಣಗಳ ಹೆಸರು ಹೇಗೆ ಕಲಿಸುತ್ತೀರಿ ಎಂದು ಮಾಡಿಸಿ ನೋಡದೆ ಬಿಡುವುದಿಲ್ಲ. ನೀವೂ ಕೇಳಿ: ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ವಯಸ್ಸು, ಪುಸ್ತಕ ಯಾವುದು, ಕೊನೆಯ ತರಗತಿ ಎಷ್ಟಕ್ಕೆ ಮುಗಿಯುತ್ತದೆ, ಹೊಸ ಮಕ್ಕಳನ್ನು ಸೇರಿಸುವ ಗುರಿ ಟೀಚರ್ ಮೇಲೂ ಇದೆಯೇ, ನಾನು ಯಾರ ಜಾಗಕ್ಕೆ ಬರುತ್ತಿದ್ದೇನೆ, ಅವರೊಂದಿಗೆ ಹತ್ತು ನಿಮಿಷ ಮಾತಾಡಿಸುತ್ತೀರಾ. ಈಗಿರುವ ಶಿಕ್ಷಕರೊಬ್ಬರ ಜೊತೆ ಮಾತಾಡಿಸಲು ಒಪ್ಪದ ಸೆಂಟರನ್ನು ಬಿಟ್ಟುಬಿಡುವುದೇ ಒಳ್ಳೆಯದು. ಮಾತಾಡಿಸಿದಾಗ ಸಂಬಳ ಎಷ್ಟು ಎಂದು ಕೇಳಬೇಡಿ, ಯಾವ ತಾರೀಕಿಗೆ ಬರುತ್ತದೆ, ಕಳೆದ ಆರು ತಿಂಗಳಲ್ಲಿ ತಡವಾಗಿತ್ತೇ ಎಂದು ಕೇಳಿ.

ದೊಡ್ಡ ಹೆಸರು ಎಂಬ ಕಾರಣಕ್ಕೂ ಮೈಮರೆಯಬೇಡಿ. ಜಪಾನಿನ ಅತಿ ದೊಡ್ಡ ಏಕೈವಾ ಸರಪಳಿಯಾಗಿದ್ದ ನೋವಾ 2007ರ ಅಕ್ಟೋಬರಿನಲ್ಲಿ ಕುಸಿದಾಗ ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ನಿಂತರು. ಕುಸಿಯುವ ಮುಂಚೆಯೇ ಸಂಬಳ ತಡವಾಗಲು ಶುರುವಾಗಿತ್ತು. ಬಾಡಿಗೆಯನ್ನು ಸಂಬಳದಲ್ಲಿ ಹಿಡಿದುಕೊಂಡ ಕಂಪನಿ ಅದನ್ನು ಮನೆ ಮಾಲೀಕರಿಗೆ ಕಟ್ಟದೆ, ಕೆಲವರಿಗೆ ಮನೆ ಖಾಲಿ ಮಾಡುವ ನೋಟಿಸ್ ಬಂತು. ಕೆಲಸ, ಮನೆ, ವೀಸಾ ಮೂರೂ ಒಬ್ಬನ ಕೈಯಲ್ಲಿದ್ದರೆ ಮೂರೂ ಒಟ್ಟಿಗೇ ಹೋಗುತ್ತವೆ. ಸಾಧ್ಯವಿದ್ದರೆ ಮನೆಯ ಕರಾರು ನಿಮ್ಮ ಹೆಸರಿನಲ್ಲೇ ಇರಲಿ.

ಇಲ್ಲಿನ ಏಜೆಂಟ್

ಭಾರತದಿಂದ ಪರದೇಶದ ಕೆಲಸಕ್ಕೆ ಜನರನ್ನು ಆರಿಸಿ ಕಳಿಸುವವರಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದ ಲೈಸೆನ್ಸ್ ಬೇಕು. ಅದೇ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಲೈಸೆನ್ಸ್ ಇರುವವರ ಪಟ್ಟಿ, ಅದು ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ಎಂಬ ವಿವರ, ಲೈಸೆನ್ಸ್ ಇಲ್ಲದೆ ದೂರು ಬಂದವರ ರಾಜ್ಯವಾರು ಪಟ್ಟಿ, ಮೂರೂ ಸಿಗುತ್ತವೆ. ಹೆಸರು ಮಾತ್ರ ನೋಡಿ ಸುಮ್ಮನಾಗಬೇಡಿ, ವಿಳಾಸವನ್ನೂ ತಾಳೆ ನೋಡಿ. 'ನಮ್ಮದು ಮುಂಬೈ ಲೈಸೆನ್ಸಿನ ಬ್ರಾಂಚು' ಎಂದು ದಾವಣಗೆರೆಯ ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ ಕೂತವರ ವಿಳಾಸ ಲೈಸೆನ್ಸಿನಲ್ಲಿ ಇಲ್ಲದಿದ್ದರೆ ಅದು ಬ್ರಾಂಚಲ್ಲ. ಐಇಎಲ್‌ಟಿಎಸ್ ಕೋಚಿಂಗ್, ವಿದೇಶದ ಕಾಲೇಜು ಸೀಟು ಕೊಡಿಸುವ ಕನ್ಸಲ್ಟೆನ್ಸಿಗಳು ಕೆಲಸ ಕೊಡಿಸುವ ಲೈಸೆನ್ಸ್ ಹೊಂದಿರುವುದಿಲ್ಲ. ಜಿಎಸ್‌ಟಿ ನಂಬರ್, ಅಂಗಡಿ ಲೈಸೆನ್ಸ್ ತೋರಿಸಿದರೆ ಅದು ಅಂಗಡಿ ನಡೆಸಲು ಮಾತ್ರ.

ಪದವೀಧರರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಅಗತ್ಯ ಇಲ್ಲ. ಆದ್ದರಿಂದ ಕೂಲಿ ಕೆಲಸಕ್ಕೆ ಗಲ್ಫಿಗೆ ಹೋಗುವವರ ಕರಾರನ್ನು ಸರ್ಕಾರದ ಅಧಿಕಾರಿಯೊಬ್ಬರು ನೋಡುವಂತೆ ನಿಮ್ಮ ಕರಾರನ್ನು ಯಾರೂ ನೋಡುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್ ದಾಟಿದ್ದು ಆಫರ್ ಸರಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ.

ಜಪಾನಿನ ಕಡೆಯ ಏಜೆನ್ಸಿಗೂ ಲೈಸೆನ್ಸ್ ಇರುತ್ತದೆ. ಕೆಲಸ ಕೊಡಿಸುವ ಏಜೆನ್ಸಿಯ ನಂಬರ್ ಮೊದಲಿಗೆ ಪ್ರಾಂತ್ಯದ ಎರಡಂಕಿ, ನಡುವೆ ಜಪಾನಿ ಅಕ್ಷರ 'ಯು', ಆಮೇಲೆ ಆರಂಕಿ. ಟೋಕಿಯೊದ್ದಾದರೆ 13ರಿಂದ ಶುರು. ಕೆಲಸ ಹುಡುಕುವವರಿಂದ ಕಮಿಷನ್ ತೆಗೆದುಕೊಳ್ಳುವುದನ್ನು ಜಪಾನಿನ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ಏಜೆನ್ಸಿಗೆ ದುಡ್ಡು ಕೊಡಬೇಕಾದವರು ಸೆಂಟರಿನವರು.

ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು

ಮೋಸದ ಆಫರಿನಲ್ಲಿ ಎಲ್ಲವೂ ಸರಿ ಕಾಣಬಹುದು, ಬಿಲ್ಲು ಮಾತ್ರ ಬಾಯಿಬಿಡುತ್ತದೆ. ಲೈಸೆನ್ಸ್ ಇರುವ ಭಾರತೀಯ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400, ಅದಕ್ಕೆ ರಸೀದಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ 500 ರೂಪಾಯಿ. ಪದವಿ ಪತ್ರಕ್ಕೆ ವಿದೇಶಾಂಗ ಸಚಿವಾಲಯ ಹಾಕುವ ಅಪೋಸ್ಟಿಲ್ ಎಂಬ ದೃಢೀಕರಣ ಮುದ್ರೆಗೆ ಸರ್ಕಾರಿ ಶುಲ್ಕ ಒಂದಕ್ಕೆ 50 ರೂಪಾಯಿ, ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಸಣ್ಣ ಶುಲ್ಕ ಬೇರೆ. ಜಪಾನಿನಲ್ಲಿ ಕೆಲಸಕ್ಕೆ ಕರೆಸಿಕೊಳ್ಳುವ ಸಂಸ್ಥೆ ಅಲ್ಲಿನ ಇಮಿಗ್ರೇಷನ್ನಿಗೆ ಅರ್ಜಿ ಹಾಕಿ ಪಡೆಯುವ ಅರ್ಹತಾ ಪತ್ರ, ಎಲ್ಲರೂ 'ಸಿಒಇ' ಎನ್ನುವುದು, ಅದಕ್ಕೆ ಜಪಾನ್ ಸರ್ಕಾರ ಒಂದು ಯೆನ್ನೂ ತೆಗೆದುಕೊಳ್ಳುವುದಿಲ್ಲ. 'ಸಿಒಇ ಫೀಸ್ ಒಂದೂವರೆ ಲಕ್ಷ' ಎಂದು ಬಿಲ್ಲಿನಲ್ಲಿ ಕಂಡರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ.

ಸಿಒಇ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಅರ್ಜಿಗೆ ನಿಮ್ಮ ಫೋಟೊ, ಪದವಿ ಪತ್ರದ ಪ್ರತಿ, ಬಯೋಡೇಟಾ ಕೇಳುತ್ತಾರೆ. ಏನೂ ಕೇಳದೆ ಹತ್ತೇ ದಿನದಲ್ಲಿ ಪಿಡಿಎಫ್ ಕಳಿಸಿದರೆ ಅದು ಕಂಪ್ಯೂಟರಿನಲ್ಲಿ ತಯಾರಾದದ್ದು. ನಿಜವಾದ ಸಿಒಇ 3 ತಿಂಗಳು ಮಾತ್ರ ಚಾಲ್ತಿ. 2023ರ ಮಾರ್ಚಿನಿಂದ ಇಮೇಲಿನಲ್ಲೂ ಕೊಡುತ್ತಾರೆ, ಹಾಗಾಗಿ ಇಮೇಲಿನಲ್ಲಿ ಬಂತೆಂದ ಮಾತ್ರಕ್ಕೆ ಸುಳ್ಳಲ್ಲ. ಅದರಲ್ಲಿರುವ ಕಂಪನಿಯ ಹೆಸರು ಮತ್ತು ವಾಸದ ದರ್ಜೆ ನಿಮ್ಮ ಕರಾರಿನ ಜೊತೆ ಹೊಂದಬೇಕು.

'ನಮ್ಮದೇ ಟೆಫಲ್ ಕೋರ್ಸ್ ಮಾಡಿದರೆ ಕೆಲಸ ಖಚಿತ' ಎಂಬುದು ಇನ್ನೊಂದು ಬಗೆ. ಟೆಫಲ್ ಎಂದರೆ ಪರಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ. 120 ಗಂಟೆಯ ಕೋರ್ಸ್ ಎಂಬುದು ಈ ಕ್ಷೇತ್ರದ ರೂಢಿಯ ಅಳತೆ, ಆದರೆ ಅದರೊಳಗೆ ಏನಿದೆ ಎಂಬುದು ಮುಖ್ಯ. ಸೆಲ್ಟಾ ಎಂಬ ಹೆಸರುವಾಸಿ ಬೋಧನಾ ಕೋರ್ಸಿನಲ್ಲಿ ಪರೀಕ್ಷಕರು ನೋಡುತ್ತ ಕೂತಿರುವಾಗ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಬೇಕು. ವಿಡಿಯೊ ನೋಡಿ ಟಿಕ್ ಹಾಕಿ ಮುಗಿಸುವ ಕೋರ್ಸನ್ನೂ 120 ಗಂಟೆ ಎಂದೇ ಮಾರುತ್ತಾರೆ. ಕೆಲಸದ ಆಸೆ ತೋರಿಸಿ ಕೋರ್ಸ್ ಮಾರುವವರ ವ್ಯಾಪಾರ ಕೋರ್ಸು, ಕೆಲಸವಲ್ಲ.

ಮುಂಗಡವನ್ನು ವ್ಯಕ್ತಿಯೊಬ್ಬರ ಹೆಸರಿನ ಯುಪಿಐಗೋ ಸೇವಿಂಗ್ಸ್ ಖಾತೆಗೋ ಕೇಳಿದರೆ ಕೊಡಬೇಡಿ. ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರಗಳ ಮೂಲ ಪ್ರತಿ ಯಾರ ಕೈಗೂ ಹೋಗಬಾರದು, 'ಸೇಫ್ಟಿಗೆ ನಮ್ಮಲ್ಲಿರಲಿ' ಎಂದರೂ. ಅಂದಹಾಗೆ, ಪ್ರೊವಿಷನಲ್ ಸರ್ಟಿಫಿಕೇಟ್ ಇಟ್ಟುಕೊಂಡೇ ವರ್ಷಗಟ್ಟಲೆ ಕಳೆಯುವವರು ನಮ್ಮಲ್ಲಿ ಬಹಳ. ಘಟಿಕೋತ್ಸವದ್ದನ್ನು ವಿಶ್ವವಿದ್ಯಾಲಯದಿಂದ ಈಗಲೇ ತರಿಸಿಟ್ಟುಕೊಳ್ಳಿ. ಕೊನೆ ಗಳಿಗೆಯ ಅವಸರದಲ್ಲೇ ಏಜೆಂಟಿಗೆ ದುಡ್ಡು ಸುರಿಯುವುದು.

ಕರಾರು ಓದುವುದು

ಇಲ್ಲಿ ತಾಳ್ಮೆ ಬೇಕು. ಜಪಾನಿನ ಕರಾರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲನೆಯದಾಗಿ ಸಂಬಳ ಯಾವ ನಾಣ್ಯದಲ್ಲಿ? 'ತಿಂಗಳಿಗೆ 2.5 ಲಕ್ಷ' ಎಂದಷ್ಟೇ ಹಾಕಿ ಯೆನ್ ಎಂಬುದನ್ನು ನುಂಗಿಬಿಡುವ ಜಾಹೀರಾತುಗಳಿವೆ. ಯೆನ್ನಿನ ಬೆಲೆ ಒಂದು ರೂಪಾಯಿಗಿಂತ ತುಂಬ ಕಡಿಮೆ. ಇನ್ನು 2,50,000 ಯೆನ್ ಪೂರ್ತಿ ಕೈಗೆ ಬರುವುದೂ ಇಲ್ಲ. ಪಿಂಚಣಿಗೆ ನಿಮ್ಮ ಪಾಲು ಶೇ. 9.15, ಆರೋಗ್ಯ ವಿಮೆಗೆ ಸುಮಾರು ಶೇ. 5, ಉದ್ಯೋಗ ವಿಮೆ ಸ್ವಲ್ಪ, ಆದಾಯ ತೆರಿಗೆ ಸ್ವಲ್ಪ. ಎಲ್ಲ ಕಳೆದು 2,05,000ರಿಂದ 2,10,000 ಸಿಗಬಹುದು. ಬಾಡಿಗೆ 60,000 ಎಂದರೆ ಉಳಿಯುವುದು 1,45,000–1,50,000, ಅದರಲ್ಲಿ ಊಟ, ಕರೆಂಟು, ಫೋನು. ಸ್ಥಳೀಯ ವಾಸದ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ, ಜೂನ್‌ನಿಂದ ಶುರುವಾಗುತ್ತದೆ. ಹಾಗಾಗಿ ಎರಡನೇ ವರ್ಷ ಅದೇ ಸಂಬಳಕ್ಕೆ ಕೈಗೆ ಬರುವುದು ಇನ್ನೂ ಕಡಿಮೆ. ಇದು ಮೋಸವಲ್ಲ, ಆದರೆ ಮುಂಚೆ ಹೇಳದ ಏಜೆಂಟ್ ಮೋಸಗಾರನೇ.

ಎರಡನೆಯದು ಗಂಟೆಯ ಲೆಕ್ಕ. ಸಂಬಳವನ್ನು ತಿಂಗಳ ಗಂಟೆಗಳಿಂದ ಭಾಗಿಸಿ. ವಾರಕ್ಕೆ 40 ಗಂಟೆ ಎಂದರೆ ತಿಂಗಳಿಗೆ ಸುಮಾರು 173. ಟೋಕಿಯೊದಲ್ಲಿ ತಿಂಗಳಿಗೆ 2,00,000 ಯೆನ್ ಕೊಡುತ್ತೇವೆ ಎಂದರೆ ಗಂಟೆಗೆ ಸುಮಾರು 1,155 ಯೆನ್ ಆಯಿತು. 2025ರ ಅಕ್ಟೋಬರಿನಿಂದ ಅಲ್ಲಿನ ಕನಿಷ್ಠ ಕೂಲಿ 1,226. ಅಂದರೆ ಆ ಆಫರ್ ಕಾನೂನಿನ ಕೆಳಗಿದೆ. ಕನಿಷ್ಠ ಕೂಲಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ, ಸೆಂಟರ್ ಇರುವ ಪ್ರಾಂತ್ಯದ್ದನ್ನೇ ಹಿಡಿಯಿರಿ. ಪಾಠದ ಗಂಟೆ ಬೇರೆ, ಕೆಲಸದ ಗಂಟೆ ಬೇರೆ ಎಂಬುದೂ ನೆನಪಿರಲಿ. 'ವಾರಕ್ಕೆ 25 ಪಾಠ' ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಪಾಠದ ತಯಾರಿ, ಪೋಷಕರಿಗೆ ವರದಿ, ಆಟಿಕೆ ಒರೆಸುವುದು, ಸ್ಟೇಷನ್ ಮುಂದೆ ನಿಂತು ಕರಪತ್ರ ಹಂಚುವುದು ಎಲ್ಲವೂ ಅದರಾಚೆ. ಕಚೇರಿಯಲ್ಲಿ ಇರಬೇಕಾದ ಒಟ್ಟು ಗಂಟೆ ಎಷ್ಟು ಎಂದು ಬರಹದಲ್ಲಿ ಕೇಳಿ. ಸಂಬಳದೊಳಗೇ ಇಂತಿಷ್ಟು ಗಂಟೆಯ ಓವರ್‌ಟೈಮ್ ಸೇರಿದೆ ಎಂಬ ಸಾಲು, ಅಲ್ಲಿ 'ಮಿನಾಶಿ ಜಾಂಗ್ಯೋ' ಎನ್ನುವುದು, ಇದ್ದರೆ ಆ ಗಂಟೆಗಳನ್ನೂ ಸೇರಿಸಿ ಭಾಗಿಸಿ ನೋಡಿ.

ಮೂರನೆಯದು ವಾರಕ್ಕೆ 29.5 ಗಂಟೆ ಎಂಬ ವಿಚಿತ್ರ ಅಂಕಿ. ಪೂರ್ಣಾವಧಿಯ ಮುಕ್ಕಾಲು, ಅಂದರೆ 30 ಗಂಟೆ ಮುಟ್ಟಿದರೆ ಕಂಪನಿ ನಿಮ್ಮನ್ನು ಪಿಂಚಣಿ ಮತ್ತು ಆರೋಗ್ಯ ವಿಮೆಗೆ ಸೇರಿಸಿ ಅರ್ಧ ಕಟ್ಟಬೇಕು. ಆ ಅರ್ಧ ಗಂಟೆ ಕತ್ತರಿಸಿರುವುದು ಅದನ್ನು ತಪ್ಪಿಸಿಕೊಳ್ಳಲು. ಆಗ ರಾಷ್ಟ್ರೀಯ ಪಿಂಚಣಿ ಎಂದು (2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 17,500 ಯೆನ್), ಅದರ ಮೇಲೆ ಆರೋಗ್ಯ ವಿಮೆ ಪೂರ್ತಿ ನಿಮ್ಮ ಜೇಬಿನಿಂದ. 2024ರ ಅಕ್ಟೋಬರಿನಿಂದ 50ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು 20 ಗಂಟೆಗೇ ಸೇರಿಸಬೇಕಾಗಿರುವುದರಿಂದ ಈ ಆಟ ಈಗ ಸಣ್ಣ ಸೆಂಟರುಗಳಲ್ಲೇ ಹೆಚ್ಚು.

ಕರಾರಿನ ತಲೆಬರಹವನ್ನೂ ನೋಡಿ. 'ಕೊಯೋ ಕೆಯಾಕು' ಎಂದರೆ ನೀವು ನೌಕರರು. 'ಗ್ಯೋಮು ಇತಾಕು' ಎಂದರೆ ಗುತ್ತಿಗೆಯವರು. ಎರಡನೆಯದರಲ್ಲಿ ಕನಿಷ್ಠ ಕೂಲಿ, ಸಂಬಳದ ರಜೆ, ವಿಮೆ ಯಾವುದೂ ನಿಮ್ಮ ಹಕ್ಕಲ್ಲ, ಮಗು ಬರದಿದ್ದರೆ ಆ ಪಾಠಕ್ಕೆ ದುಡ್ಡಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಎರಡಕ್ಕೂ 'ಕಾಂಟ್ರ್ಯಾಕ್ಟ್' ಎಂದೇ ಹಾಕಿಬಿಡುತ್ತಾರೆ, ಆದ್ದರಿಂದ ಜಪಾನಿ ಪ್ರತಿಯನ್ನು ತರಿಸಿ ಗೊತ್ತಿದ್ದವರಿಗೆ ತೋರಿಸಿ. ನೌಕರರಾದರೆ ಕೆಲಸದ ಷರತ್ತುಗಳನ್ನು ಬರಹದಲ್ಲಿ ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ಆ ಪತ್ರಕ್ಕೆ 'ರೋದೋ ಜೋಕೆನ್ ತ್ಸೂಚಿಶೊ' ಎಂದು ಹೆಸರು, ಹೆಸರು ಹಿಡಿದೇ ಕೇಳಿ. ಆರು ತಿಂಗಳಾದ ಮೇಲೆ ಪೂರ್ಣಾವಧಿ ನೌಕರರಿಗೆ ವರ್ಷಕ್ಕೆ 10 ದಿನ ಸಂಬಳದ ರಜೆ ಕನಿಷ್ಠ.

'ವರ್ಷ ಮುಗಿಯುವ ಮುಂಚೆ ಬಿಟ್ಟರೆ 3,00,000 ಯೆನ್ ದಂಡ' ಎಂಬ ಸಾಲು ಬಹಳ ಕರಾರುಗಳಲ್ಲಿ ಕಾಣುತ್ತದೆ. ಜಪಾನಿನ ಕಾರ್ಮಿಕ ಕಾಯ್ದೆಯ 16ನೇ ವಿಧಿ ಇಂಥ ಮುಂಚಿತ ದಂಡವನ್ನು ನಿಷೇಧಿಸಿದೆ. ಆ ಸಾಲು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಸಹಿ ಹಾಕಬೇಡಿ. ನಿಷೇಧಿತ ಸಾಲನ್ನು ಬರೆಯಲು ಹಿಂಜರಿಯದವರು ಕೊನೆಯ ತಿಂಗಳ ಸಂಬಳ ಹಿಡಿದುಕೊಳ್ಳಲೂ ಹಿಂಜರಿಯುವುದಿಲ್ಲ.

ಸಂಬಳದ ತಾರೀಕು ಸಣ್ಣ ವಿಷಯದಂತೆ ಕಾಣುತ್ತದೆ. ತಿಂಗಳ ಕೊನೆಗೆ ಲೆಕ್ಕ ಮುಗಿಸಿ ಮುಂದಿನ ತಿಂಗಳ 25ಕ್ಕೆ ಕೊಡುವುದು ಅಲ್ಲಿನ ರೂಢಿಗಳಲ್ಲಿ ಒಂದು. ಏಪ್ರಿಲ್ 1ಕ್ಕೆ ಸೇರಿದರೆ ಮೊದಲ ದುಡ್ಡು ಮೇ 25ಕ್ಕೆ. ಮನೆ ಹಿಡಿಯಲು ಡೆಪಾಸಿಟ್, ವಾಪಸ್ ಬರದ ಕೀ ಮನಿ, ಗ್ಯಾರಂಟಿ ಕಂಪನಿಯ ಫೀಸು ಸೇರಿ ಬಾಡಿಗೆಯ ಮೂರರಿಂದ ಐದು ಪಟ್ಟು ಮೊದಲೇ ಬೇಕು. ಎರಡು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ಹೋದವರು ಕಂಪನಿಯಿಂದಲೇ ಸಾಲ ಪಡೆಯುತ್ತಾರೆ. ಸಾಲ ಇದ್ದವರಿಗೆ ಕೆಲಸ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ.

ವಿಮಾನ ಹತ್ತುವ ಮುಂಚೆ, ಇಳಿದ ಮೇಲೆ

ಥಾಯ್ಲೆಂಡಿನ ವಿಷಯ. ಬ್ಯಾಂಕಾಕ್‌ನ ಕೆಲಸ ಎಂದು ಕರೆಸಿಕೊಂಡು, ಸುಮಾರು 500 ಕಿ.ಮೀ. ದೂರದ ಮೇ ಸೋತ್ ಎಂಬ ಗಡಿ ಊರಿಗೆ ಕಾರಿನಲ್ಲಿ ಒಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಿಂದಲೇ ಎಚ್ಚರಿಸುತ್ತಿದೆ. 2025ರ ಮಾರ್ಚಿನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮೇ ಸೋತ್‌ನಿಂದ ವಾಪಸ್ ಕರೆತಂದರು. ಅವರಿಗೆ ತೋರಿಸಿದ ಆಮಿಷ ಹೆಚ್ಚಾಗಿ ಐಟಿ, ಡೇಟಾ ಎಂಟ್ರಿ, ಮಾರ್ಕೆಟಿಂಗ್ ಕೆಲಸಗಳದ್ದು. ಆದರೆ ಚೆನ್ನಾಗಿ ಇಂಗ್ಲಿಷ್ ಬರೆಯುವವರು ಆ ಕೇಂದ್ರಗಳಿಗೆ ಬೇಕೇ ಬೇಕು, ಶಿಕ್ಷಕರ ಜಾಹೀರಾತು ಅದಕ್ಕೆ ಸುಲಭದ ವೇಷ. ಟೈಪಿಂಗ್ ವೇಗ ಕೇಳುವುದು, ಪಾಠದ ಬಗ್ಗೆ ಒಂದೂ ಪ್ರಶ್ನೆ ಇಲ್ಲದಿರುವುದು, ಟಿಕೆಟ್ ಪೂರ್ತಿ ಅವರೇ ಕೊಡುವುದು, ಸೆಂಟರಿನ ವಿಳಾಸವನ್ನು 'ಏರ್‌ಪೋರ್ಟಿಗೆ ಬಂದ ಮೇಲೆ ಹೇಳ್ತೀವಿ' ಎನ್ನುವುದು ಇದರ ಗುರುತು.

ಹೊರಡುವ ಮುಂಚೆ ಸೆಂಟರಿನ ವಿಳಾಸ, ಕರಾರು, ವೀಸಾ ಪ್ರತಿಗಳನ್ನು ಮನೆಯಲ್ಲಿ ಒಬ್ಬರ ಬಳಿ ಬಿಡಿ. ಇಳಿದ ಮೇಲೆ ಲೊಕೇಷನ್ ಹಂಚಿಕೊಂಡೇ ಕಾರು ಹತ್ತಿ. ಕಾರು ಊರು ಬಿಟ್ಟು ಮೇ ಸೋತ್ ಇರುವ ತಾಕ್ ಪ್ರಾಂತ್ಯದ ಕಡೆ ಓಡುತ್ತಿದ್ದರೆ ಊಟಕ್ಕೋ ಪೆಟ್ರೋಲಿಗೋ ಜನರಿರುವ ಕಡೆ ನಿಲ್ಲಿಸಿದಾಗ ಇಳಿದುಬಿಡಿ, ಮತ್ತೆ ಹತ್ತಬೇಡಿ. ಥಾಯ್ ಟೂರಿಸ್ಟ್ ಪೊಲೀಸರ ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಪಾಸ್‌ಪೋರ್ಟನ್ನು ಯಾವ ದೇಶದಲ್ಲೂ ಕೆಲಸ ಕೊಟ್ಟವರ ವಶಕ್ಕೆ ಕೊಡಬೇಡಿ. ಪರ್ಮಿಟ್ಟಿಗೆ ಎಂದು ಕೊಂಡೊಯ್ದರೆ ಯಾವ ಕಚೇರಿ, ಯಾವ ದಿನ ವಾಪಸ್ ಎಂದು ಬರೆಸಿಕೊಳ್ಳಿ.

ಇಲ್ಲಿ ಏಜೆಂಟಿಗೆ ಕೊಟ್ಟ ದುಡ್ಡು ಮುಳುಗಿತು ಎಂದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಇದೆ, ವಾರ ಬಿಟ್ಟರೆ ಇಲ್ಲ. ಲೈಸೆನ್ಸ್ ಇಲ್ಲದ ಏಜೆಂಟ್ ಬಗ್ಗೆ ಇ-ಮೈಗ್ರೇಟ್‌ನಲ್ಲಿ ದೂರು ಹಾಕಬಹುದು, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090. ಪರದೇಶದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಮೂಲಕ ಅಲ್ಲಿನ ರಾಯಭಾರ ಕಚೇರಿಗೆ ಅಹವಾಲು ಹೋಗುತ್ತದೆ.

ಜಪಾನಿನಲ್ಲಿ ಇದ್ದೀರಿ, ಸೆಂಟರಿನವರು ಸಂಬಳ ಕೊಡುತ್ತಿಲ್ಲ ಎಂದಾದರೆ ಆ ಪ್ರದೇಶದ ಕಾರ್ಮಿಕ ಮಾನದಂಡ ತನಿಖಾ ಕಚೇರಿಗೆ ಹೋಗಿ, ದುಡ್ಡಿಲ್ಲ. ಕರಾರು, ಸಂಬಳದ ಚೀಟಿಗಳು, ಪ್ರತಿದಿನ ಬಂದ-ಹೋದ ಹೊತ್ತನ್ನು ನೀವೇ ಬರೆದಿಟ್ಟ ಪುಸ್ತಕ ಕೊಂಡೊಯ್ಯಿರಿ. 'ಕೆಲಸ ಬಿಟ್ಟರೆ ವೀಸಾ ರದ್ದು ಮಾಡಿಸ್ತೀವಿ' ಎಂಬ ಬೆದರಿಕೆಗೆ ಅಲ್ಲಿ ಅಷ್ಟು ಬಲವಿಲ್ಲ. ಕೊರಿಯಾದ ಇ-2 ಕೆಲಸ ಕೊಟ್ಟವರಿಗೆ ಅಂಟಿಕೊಂಡಿರುತ್ತದೆ, ಜಪಾನಿನ ದರ್ಜೆ ನಿಮ್ಮ ಹೆಸರಿನಲ್ಲಿರುತ್ತದೆ. ಬಿಟ್ಟ 14 ದಿನದೊಳಗೆ ಇಮಿಗ್ರೇಷನ್ನಿಗೆ ತಿಳಿಸಬೇಕು, ಅದೇ ಬಗೆಯ ಇನ್ನೊಂದು ಕೆಲಸ ಹಿಡಿದು ಮತ್ತೆ 14 ದಿನದೊಳಗೆ ತಿಳಿಸಬೇಕು. ಕಾರಣವಿಲ್ಲದೆ ಮೂರು ತಿಂಗಳು ಕೆಲಸವಿಲ್ಲದೆ ಕೂತರೆ ಮಾತ್ರ ದರ್ಜೆ ಕಳೆದುಕೊಳ್ಳುವ ಅಪಾಯ. ಕೆಲಸ ಹುಡುಕುತ್ತಿದ್ದರೆ ಅದಕ್ಕೆ ದಾಖಲೆ ಇಟ್ಟುಕೊಳ್ಳಿ: ಹಾಕಿದ ಅರ್ಜಿಗಳು, ಬಂದ ಇಮೇಲುಗಳು, ಸಂದರ್ಶನದ ತಾರೀಕುಗಳು.